ವೈಫೈಗೂ ಒಂದು ಕೀಲಿ ಇರಲಿ

ಈ ಸಲದ ಬೋಧನಾಭ್ಯಾಸದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ. ಅಫಜಲಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಅಂತರ್ಜಾಲದ ಸುರಕ್ಷಿತ ಬಳಕೆಯ ಬಗ್ಗೆ ಪಾಠವಿತ್ತು. ಮಕ್ಕಳನ್ನು ಪಾಠದಲ್ಲಿ ತೊಡಗಿಸಿಕೊಳ್ಳುವ ಹಂತಕ್ಕೆ ನಾನು ಬರೆದುಕೊಂಡಿದ್ದ ಪ್ರಶ್ನೆ ಹೀಗಿತ್ತು: ‘ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಏನು?’

ಅಷ್ಟು ಉತ್ಸಾಹದ ಉತ್ತರ ನನಗೆ ಯಾವ ಪಾಠದಲ್ಲಿಯೂ ಸಿಕ್ಕಿರಲಿಲ್ಲ. ‘ನಮ್ಮಪ್ಪನ ಮೊಬೈಲ್ ನಂಬರ್ ರೀ ಸರ್’, ‘ಒಂದರಿಂದ ಎಂಟರ ತನಕ ರೀ’ ಎಂದು ಕೈಗಳು ಎದ್ದವು. ಹಿಂದಿನ ಬೆಂಚಿನ ಹುಡುಗನೊಬ್ಬ, ‘ನಮ್ಮ ಕಾಕಾನ ಮನ್ಯಾಗಿನದಕ್ಕ ಪಾಸ್‌ವರ್ಡೇ ಇಲ್ರಿ. ಕಟ್ಟಿ ಮ್ಯಾಲ ಕುಂತ್ರ ಯಾರಿಗರ ಬರ್ತದ’ ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಪಾಠ ಮುಗಿದ ಮೇಲೆ ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಗುಟ್ಟು ಕಾಯುವ ಪಾಠದಲ್ಲಿ ಗುಟ್ಟನ್ನೇ ಕೇಳಿದ್ದೀರಿ.’

ಆ ಸಾಲು ನನಗೆ ಹೆಚ್ಚು ಚುಚ್ಚಲು ಕಾರಣವಿದೆ. ಇದೇ ತಪ್ಪಿನ ಬೆಲೆಯನ್ನು ನಮ್ಮ ಮನೆ ಒಮ್ಮೆ ತೆತ್ತಿದೆ.

ನಮ್ಮದು ಆಳಂದ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಾನು ಬಿ.ಎಸ್ಸಿ ಓದುತ್ತಿದ್ದೆ. ಆನ್‌ಲೈನ್ ತರಗತಿಗಾಗಿ ಅಪ್ಪ ಸಾಲ ಮಾಡಿ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದರು. ಆ ವರ್ಷ ಸರ್ಕಾರ ವಿದ್ಯಾಗಮ ಆರಂಭಿಸಿದ್ದೇ ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಕ್ಕಳು ಕಲಿಕೆಯಿಂದ ದೂರ ಉಳಿಯಬಾರದೆಂದು. ನಮ್ಮ ಓಣಿಯಲ್ಲೂ ಅಂಥ ಮಕ್ಕಳಿದ್ದರು. ಪಕ್ಕದ ಮನೆಯ ಹುಡುಗ ಕೇಳಿದಾಗ ಪಾಸ್‌ವರ್ಡ್ ಕೊಟ್ಟವನು ನಾನೇ. ಬಾಯಾರಿ ಬಂದವರಿಗೆ ನೀರಿಲ್ಲ ಅನ್ನುವ ರೂಢಿ ನಮ್ಮ ಕಡೆ ಇಲ್ಲ. ಇದನ್ನೂ ಹಾಗೆಯೇ ತಿಳಿದೆ. ಶಾಲೆಗಳು ತೆರೆದವು, ಆದರೆ ಪಾಸ್‌ವರ್ಡ್ ಬದಲಾಗಲಿಲ್ಲ.

ಒಂದೆರಡು ವರ್ಷದ ಬಳಿಕ ಒಂದು ಮುಂಜಾನೆ ಅಪ್ಪನಿಗೆ ಪೊಲೀಸ್ ಠಾಣೆಯಿಂದ ಕರೆ ಬಂತು. ಊರಿನ ಒಬ್ಬ ಹೆಣ್ಣುಮಗಳ ಬಗ್ಗೆ ಯಾರೋ ನಕಲಿ ಖಾತೆ ತೆರೆದು ಅಸಹ್ಯವಾಗಿ ಬರೆದಿದ್ದರು. ಆ ಬರಹ ಹೊರಟ ಇಂಟರ್ನೆಟ್ ಸಂಪರ್ಕ ಅಪ್ಪನ ಹೆಸರಿನಲ್ಲಿತ್ತು. ಆವರೆಗೆ ಠಾಣೆಯ ಮೆಟ್ಟಿಲು ಹತ್ತದ ಮನುಷ್ಯ, ‘ಕನೆಕ್ಷನ್ ನಂದೇ ರೀ ಸಾಹೇಬ್ರೆ, ಬರದದ್ದು ನಾ ಅಲ್ರಿ’ ಎಂದು ಮೂರು ಸಲ ಹೋಗಿ ಹೇಳಿ ಬರಬೇಕಾಯಿತು. ನಾನು ಕೊಟ್ಟದ್ದು ಒಬ್ಬನಿಗೆ. ಅವನಿಂದ ಅದು ಯಾರು ಯಾರಿಗೆ ದಾಟಿತ್ತೋ. ನಮ್ಮ ಮನೆಯವರದಲ್ಲ ಎಂಬುದು ಕೊನೆಗೆ ಸ್ಪಷ್ಟವಾಯಿತು. ಆದರೆ ಅಷ್ಟರೊಳಗೆ ಓಣಿಯ ಬಾಯಿಗೆ ಸುದ್ದಿ ಸಿಕ್ಕಿತ್ತು. ಅಪ್ಪ ನನ್ನನ್ನು ಬೈಯಲಿಲ್ಲ. ‘ಕೊಟ್ಟಿದ್ದು ತಪ್ಪಲ್ಲ. ಯಾರಿಗಿ ಕೊಟ್ಟೀದಿ ಅನ್ನೋದರ ನೆಪ್ಪರ ಇರಬೇಕಿತ್ತು’ ಎಂದಷ್ಟೇ ಅಂದರು.

ಇದು ಏಕೆ ಹೀಗಾಗುತ್ತದೆ ಎಂಬುದನ್ನು ವಿಜ್ಞಾನ ಓದಿದ ನಾವು ಮಕ್ಕಳಿಗೆ ಬಿಡಿಸಿ ಹೇಳಬಲ್ಲೆವು. ವೈಫೈ ರೇಡಿಯೊ ಅಲೆ. ಅದಕ್ಕೆ ಗೋಡೆ, ಬಾಗಿಲು ಗೊತ್ತಿಲ್ಲ. ನಮ್ಮ ಮನೆಯೊಳಗಿನ ರೂಟರ್‌ನ ಸಂಕೇತ ಓಣಿಗೂ ತಲುಪುತ್ತದೆ. ಇನ್ನು, ಒಂದು ರೂಟರ್‌ಗೆ ಹತ್ತು ಫೋನ್ ಜೋಡಿಸಿದ್ದರೂ ಹೊರಗಿನ ಜಗತ್ತಿಗೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸ ಕಾಣುತ್ತದೆ. ಹತ್ತು ಮಂದಿ ಬರೆದ ಪತ್ರಗಳ ಹಿಂದೆ ಒಂದೇ ಮನೆಯ ವಿಳಾಸ ಇದ್ದಂತೆ. ಪತ್ರ ಬರೆದವರು ಯಾರೇ ಇರಲಿ, ವಿಚಾರಿಸುವವರು ಮೊದಲು ಬರುವುದು ಆ ಮನೆಯ ಬಾಗಿಲಿಗೆ.

ಇದಕ್ಕೆ ದೇಶವೇ ಕಂಡ ಉದಾಹರಣೆ 2008ರದ್ದು. ಬೆಂಗಳೂರಿನಲ್ಲಿ ಬಾಂಬ್‌ಗಳು ಸ್ಫೋಟಿಸಿದ ಮರುದಿನ, ಜುಲೈ 26ರಂದು, ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದವು. ಅದಕ್ಕೆ ಸ್ವಲ್ಪ ಮೊದಲು ಮಾಧ್ಯಮಗಳಿಗೆ ಬಂದ ಬೆದರಿಕೆಯ ಇ-ಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಫ್ಲ್ಯಾಟಿಗೆ. ಅಲ್ಲಿದ್ದವರು ತನಿಖೆ ಎದುರಿಸಬೇಕಾಯಿತು. ಅವರ ರಕ್ಷಣೆ ಇಲ್ಲದ ವೈಫೈಯನ್ನು ಬೇರೆಯವರು ಬಳಸಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಮುಂಬೈನ ಮಾಟುಂಗಾದ ಒಂದು ಕಾಲೇಜಿನ, ಸೆಪ್ಟೆಂಬರ್ 13ರ ದೆಹಲಿ ಸ್ಫೋಟಗಳ ವೇಳೆ ಚೆಂಬೂರಿನ ಒಂದು ಕಂಪನಿಯ ವೈಫೈ ಇದೇ ರೀತಿ ಬಳಕೆಯಾದವು. ಬಳಿಕ 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ, ವೈಫೈ ಸಂಪರ್ಕಗಳನ್ನು ಸುರಕ್ಷಿತಗೊಳಿಸುವಂತೆ ಸೇವಾದಾರರಿಗೆ ಸೂಚನೆ ಕೊಟ್ಟಿತು.

ಇಂಥ ದೊಡ್ಡ ಘಟನೆ ನಮ್ಮ ಊರಲ್ಲಿ ಎಲ್ಲಿ ನಡೆಯುತ್ತದೆ ಎನ್ನಬಹುದು. ಚಿಕ್ಕ ಘಟನೆಯೇ ಸಾಕು. ಜೇವರ್ಗಿ ತಾಲ್ಲೂಕಿನ ಶಾಲೆಗೆ ಹೋಗಿದ್ದ ನನ್ನ ಸಹಪ್ರಶಿಕ್ಷಣಾರ್ಥಿಯೊಬ್ಬರು ವೀಡಿಯೊ ತೋರಿಸಲು ತಮ್ಮ ಫೋನಿನ ಹಾಟ್‌ಸ್ಪಾಟ್ ತೆರೆದರು. ಹಾಟ್‌ಸ್ಪಾಟ್‌ನ ಹೆಸರು ಅವರದೇ ಹೆಸರು, ಪಾಸ್‌ವರ್ಡ್ ಅವರದೇ ಮೊಬೈಲ್ ಸಂಖ್ಯೆ. ಲ್ಯಾಪ್‌ಟಾಪ್ ಜೋಡಿಸಲು ನೆರವಾಗುತ್ತಿದ್ದ ವಿದ್ಯಾರ್ಥಿಗೆ ಅದನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಿದರು. ಅಂದಿನ ರಾತ್ರಿಯಿಂದಲೇ ಅಪರಿಚಿತ ಕರೆಗಳು ಶುರುವಾದವು. ಅವರು ಸಂಖ್ಯೆ ಬದಲಿಸಿದರು. ಬೋಧನಾಭ್ಯಾಸದ ಉಳಿದ ದಿನಗಳಲ್ಲಿ ಆ ತರಗತಿಗೆ ಹೋಗುವಾಗ ಅವರಿಗಿದ್ದ ಮುಜುಗರ ಯಾವ ವರದಿಯಲ್ಲೂ ದಾಖಲಾಗಿಲ್ಲ.

ಮೊಬೈಲ್ ಸಂಖ್ಯೆ ಪಾಸ್‌ವರ್ಡ್ ಆಗಬಾರದು ಎನ್ನಲು ಗಣಿತವೂ ಇದೆ. ಭಾರತದ ಮೊಬೈಲ್ ಸಂಖ್ಯೆ 6, 7, 8 ಅಥವಾ 9ರಿಂದ ಆರಂಭವಾಗುತ್ತದೆ. ಉಳಿದ ಒಂಬತ್ತು ಸ್ಥಾನ ಸೇರಿ ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ಫೋನ್ ರೂಟರ್‌ಗೆ ಜೋಡಿಕೊಳ್ಳುವ ಕ್ಷಣದ ಸಂದೇಶವನ್ನು ಹಿಡಿದಿಟ್ಟುಕೊಂಡವನು ಆಮೇಲೆ ತನ್ನ ಕಂಪ್ಯೂಟರಿನಲ್ಲೇ ಒಂದೊಂದನ್ನು ಪರೀಕ್ಷಿಸಬಲ್ಲ. ಸೆಕೆಂಡಿಗೆ ಒಂದು ಲಕ್ಷ ಎಂದು ಲೆಕ್ಕ ಹಿಡಿದರೂ 40,000 ಸೆಕೆಂಡು, ಅಂದರೆ ಸುಮಾರು 11 ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಇದರ ಬದಲು 2,000 ಪದಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ, ಸಂಬಂಧವಿಲ್ಲದ ನಾಲ್ಕು ಪದ ಆರಿಸಿ ಜೋಡಿಸಿದರೆ 16 ಲಕ್ಷ ಕೋಟಿ ಸಾಧ್ಯತೆಗಳಾಗುತ್ತವೆ. ಅದೇ ವೇಗದಲ್ಲಿ ಐದು ವರ್ಷ ಬೇಕು. ಒಂದು ಪದ ಹೆಚ್ಚಿಸಿದರೆ ಅದರ ಎರಡು ಸಾವಿರ ಪಟ್ಟು. ಘಾತಾಂಕ ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಾಣದು.

ಮನೆಯಲ್ಲಿ ಮಾಡಬೇಕಾದ ಕೆಲಸ ಅರ್ಧ ಗಂಟೆಯದು. ರೂಟರ್‌ನ ಸೆಟ್ಟಿಂಗ್ ಪುಟ ತೆರೆದು, ಕಂಪನಿ ಕೊಟ್ಟ ‘ಅಡ್ಮಿನ್’ ಪಾಸ್‌ವರ್ಡನ್ನು ಮೊದಲು ಬದಲಿಸಬೇಕು. ಅದು ಹಾಗೆಯೇ ಇದ್ದರೆ ಒಳಗೆ ಬಂದವರು ರೂಟರನ್ನೇ ತಮ್ಮದಾಗಿಸಿಕೊಂಡು ನಮ್ಮನ್ನು ನಕಲಿ ತಾಣಗಳತ್ತ ತಿರುಗಿಸಬಲ್ಲರು. ಭದ್ರತೆಯ ವಿಧದಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಬೇಕು. ಹಳೆಯ ಡಬ್ಲ್ಯುಇಪಿ ದುರ್ಬಲವೆಂದು 2001ರಲ್ಲಿಯೇ ಸಾಬೀತಾಗಿದೆ. ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ಹಾಕಿ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ನಿಲ್ಲಿಸಬೇಕು. ರೂಟರ್‌ನ ತಂತ್ರಾಂಶವನ್ನು ಆಗಾಗ ನವೀಕರಿಸಬೇಕು.

ನನ್ನ ವಾದಕ್ಕೆ ಗೆಳೆಯರು ಎರಡು ಆಕ್ಷೇಪ ಎತ್ತಿದ್ದಾರೆ. ಬ್ಯಾಂಕಿನ ತಾಣಗಳು ಈಗ ಹೇಗೂ ಮಾಹಿತಿಯನ್ನು ಗೂಢಲಿಪಿಯಲ್ಲಿಯೇ ಕಳಿಸುತ್ತವಲ್ಲ, ಹೆದರಿಕೆ ಏಕೆ ಎಂಬುದು ಒಂದು. ಆ ಮಾತು ನಿಜ. ಆದರೆ ಆ ಗೂಢಲಿಪಿ ನಮ್ಮ ಹಣದ ವಿವರವನ್ನು ಕಾಯುತ್ತದೆ. ನಮ್ಮ ಸಂಪರ್ಕದಿಂದ ಇನ್ನೊಬ್ಬ ಮಾಡಿದ ಕೆಲಸ ನಮ್ಮ ಹೆಸರಿಗೆ ಬರುವುದನ್ನು ತಡೆಯುವುದಿಲ್ಲ. ಎರಡನೆಯದು ಹೆಚ್ಚು ಗಂಭೀರ: ಕೀಲಿ ಹಾಕಿದರೆ ಬಡ ಮಕ್ಕಳಿಗೆ ಕೊಡುವ ಕೈ ನಿಲ್ಲುವುದಿಲ್ಲವೇ? ನಿಲ್ಲಬೇಕಾಗಿಲ್ಲ. ಈಗಿನ ಬಹಳಷ್ಟು ರೂಟರ್‌ಗಳಲ್ಲಿ ‘ಗೆಸ್ಟ್’ ಜಾಲ ಎಂಬ ಬೇರೆ ಬಾಗಿಲಿದೆ. ಅದಕ್ಕೆ ಬೇರೆ ಪಾಸ್‌ವರ್ಡ್ ಇಟ್ಟು, ಯಾರಿಗೆ ಕೊಟ್ಟೆವೆಂದು ಬರೆದಿಟ್ಟು, ಪರೀಕ್ಷೆ ಮುಗಿದ ಮೇಲೆ ಬದಲಿಸಬಹುದು. ಇಂದಿಗೂ ಪಕ್ಕದ ಮನೆಯ ಮಕ್ಕಳು ನಮ್ಮ ಕಟ್ಟೆಯ ಮೇಲೆ ಕುಳಿತು ಓದುತ್ತಾರೆ. ಈಗ ಅವರ ಹೆಸರುಗಳು ಅಪ್ಪನ ಡೈರಿಯಲ್ಲಿವೆ.

ಆದ್ದರಿಂದ ನನ್ನ ಕೋರಿಕೆ ಎರಡು. ನಮ್ಮ ಐಸಿಟಿ ತರಗತಿಯಲ್ಲಿ ಸ್ಲೈಡ್ ಮಾಡುವುದನ್ನು ಕಲಿಸಿದಷ್ಟೇ ಮುತುವರ್ಜಿಯಿಂದ, ಒಂದು ರೂಟರ್ ಎದುರಿಗಿಟ್ಟು ಅದನ್ನು ಭದ್ರಪಡಿಸುವುದನ್ನೂ ಒಂದು ಅವಧಿ ಕಲಿಸಲಿ. ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಪ್ರತಿ ಪ್ರಶಿಕ್ಷಣಾರ್ಥಿಯೂ ಹಾಟ್‌ಸ್ಪಾಟ್‌ನ ಹೆಸರು, ಪಾಸ್‌ವರ್ಡ್ ಬದಲಿಸಿಕೊಳ್ಳಲಿ. ವಿಶೇಷವಾಗಿ ನಮ್ಮ ಸಹೋದರಿಯರಿಗೆ ಈ ಮಾತನ್ನು ಮೊದಲ ದಿನವೇ ಹೇಳಲಿ. ಹಣ ಕಳೆದುಕೊಂಡವರು ಕೂಡಲೇ ಕರೆಯಬೇಕಾದ 1930 ಸಹಾಯವಾಣಿ ಸಂಖ್ಯೆ ಪ್ರತಿ ಪಾಠ ಯೋಜನೆಯ ಕೊನೆಯಲ್ಲಿರಲಿ.

ಅದೇ ಪಾಠವನ್ನು ಮುಂದಿನ ವಾರ ಇನ್ನೊಂದು ವಿಭಾಗಕ್ಕೆ ಮತ್ತೆ ಮಾಡಿದೆ. ಈ ಸಲ ಪ್ರಶ್ನೆ ಬದಲಿಸಿದ್ದೆ: ‘ನಿಮ್ಮ ಮನೆಯ ಪಾಸ್‌ವರ್ಡ್ ಹೇಳಬೇಡಿ. ಅದು ಮನೆಯವರನ್ನು ಬಿಟ್ಟು ಎಷ್ಟು ಮಂದಿಗೆ ಗೊತ್ತು, ಬೆರಳು ತೋರಿಸಿ.’ ಮಕ್ಕಳು ಎಣಿಸತೊಡಗಿದರು. ಎರಡೂ ಕೈಯ ಬೆರಳು ಮುಗಿದ ಮೇಲೆ ಒಬ್ಬಳು ಹುಡುಗಿ ಕೇಳಿದಳು, ‘ಸರ್, ಇವತ್ತು ಮನಿಗಿ ಹೋಗಿ ಬದಲ್ ಮಾಡಬಹುದೇನ್ರಿ?’ ಮೌಲ್ಯಮಾಪನದ ಹಂತಕ್ಕೆ ನಾನು ಬರೆದುಕೊಂಡಿದ್ದ ಐದು ಪ್ರಶ್ನೆಗಳನ್ನು ಆ ದಿನ ಕೇಳಲಿಲ್ಲ.