ನೆರಳಿಗೆ ಅಂಜುವ ಹೂವು

ಸೂರ್ಯಕಾಂತಿ ಎಂದೊಡನೆ ಕನ್ನಡನಾಡಿನ ರೈತನ ಕಣ್ಣಿಗೆ ಕಟ್ಟುವುದು ತಟ್ಟೆಯಗಲದ ಹೂವನ್ನು ಹೊತ್ತು ಹೊಲದ ತುಂಬ ನಿಂತ ಬೆಳೆ. ಕೆಲವೇ ತಿಂಗಳಲ್ಲಿ ಹೂಬಿಟ್ಟು, ಕಾಳುಕಟ್ಟಿ, ಒಣಗಿಹೋಗುವುದು ಅದರ ಬಾಳು. ಆದರೆ ಈ ಕುಲದ ತವರಾದ ಉತ್ತರ ಅಮೆರಿಕದಲ್ಲಿ, ವರ್ಷವರ್ಷವೂ ಅದೇ ಬುಡದಿಂದ ಚಿಗುರುವ ಕಾಡುಸೂರ್ಯಕಾಂತಿಗಳೂ ಹಲವುಂಟು. ಅವುಗಳಲ್ಲಿ ಒಂದು ಶ್ವೈನಿಟ್ಸ್ ಸೂರ್ಯಕಾಂತಿ.

ಉತ್ತರ ಮತ್ತು ದಕ್ಷಿಣ ಕ್ಯಾರೊಲೈನಾ ರಾಜ್ಯಗಳಲ್ಲಿ, ಬೆಟ್ಟಸಾಲಿಗೂ ಕರಾವಳಿಯ ಬಯಲಿಗೂ ನಡುವಣ ಪೀಡ್‌ಮಾಂಟ್ ಸೀಮೆಯೇ ಇದರ ನೆಲೆ. ಬೇರೆಲ್ಲಿಯೂ ಇದು ತಾನಾಗಿ ಬೆಳೆಯದು. ಆಳೆತ್ತರದ, ಕೆನ್ನೀಲಿ ಛಾಯೆಯ ದಂಟು. ಮೇಲೆ ಒರಟಾಗಿ, ಕೆಳಗೆ ನವುರಾದ ರೋಮಗಳಿಂದ ಬೆಳ್ಳಗಾದ ಎಲೆ. ಸುಮಾರು ಎರಡಂಗುಲದ ಹಳದಿ ಹೂವು. ಚಳಿಗೆ ದಂಟು ಸತ್ತರೂ ಮಣ್ಣಿನೊಳಗಿನ ಗೆಡ್ಡೆ ಸಾಯದು. ವಸಂತದಲ್ಲಿ ಮತ್ತೆ ಕುಡಿಯೊಡೆಯುತ್ತದೆ. ಉತ್ತರ ಕ್ಯಾರೊಲೈನಾದ ಸೇಲಂನಲ್ಲಿ 1812ರಿಂದ 1821ರವರೆಗೆ ನೆಲಸಿದ್ದ ಪಾದ್ರಿ, ಸಸ್ಯಶಾಸ್ತ್ರಜ್ಞ ಲೂಯಿಸ್ ಡೇವಿಡ್ ಫಾನ್ ಶ್ವೈನಿಟ್ಸ್‌ನ ನೆನಪಿಗೆ ಇದಕ್ಕೆ ಈ ಹೆಸರು.

ಚಳಿಯನ್ನು ಗೆಲ್ಲುವ ಈ ಗಿಡ ನೆರಳನ್ನು ಮಾತ್ರ ತಾಳಲಾರದು. ಹಿಂದೆ ಸಿಡಿಲಿನಿಂದ ಹೊತ್ತಿದ ಬೆಂಕಿ, ಮೂಲನಿವಾಸಿಗಳು ಹಚ್ಚುತ್ತಿದ್ದ ಬೆಂಕಿ, ಬೈಸನ್ ಎಂಬ ಕಾಡುದನಗಳ ಮೇವು, ಇವೆಲ್ಲ ಸೇರಿ ಮರಗಳು ದಟ್ಟೈಸದಂತೆ ತಡೆದು, ಹುಲ್ಲುಬಯಲಿಗೆ ಬಿಸಿಲನ್ನು ಉಳಿಸಿದ್ದುವು. ಯೂರೋಪಿನವರು ಬಂದು ನೆಲಸಿದ ಮೇಲೆ ಬೈಸನ್ ಅಳಿದುವು, ಬೆಂಕಿ ಆರಿತು. ಬಯಲುಗಳು ಹೊಲಗಳಾದುವು, ಕಾಡಾದುವು, ಊರುಗಳಾದುವು. ಆಗ ಈ ಹೂವಿಗೆ ಆಶ್ರಯವಿತ್ತುದು ರಸ್ತೆಯ ಅಂಚು ಮತ್ತು ವಿದ್ಯುತ್ತಿನ ತಂತಿ ಸಾಗುವ ಓಣಿ. ಗಿಡಗಂಟಿ ಬೆಳೆಯದಂತೆ ಅಲ್ಲಿ ಆಗಾಗ ಸವರುವ ಕತ್ತಿಯೇ ಹಳೆಯ ಬೆಂಕಿಯ ಕೆಲಸವನ್ನು ಮಾಡಿತು.

ಆದರೆ ಕಾಯುವ ಕತ್ತಿಯೇ ಕೊಲ್ಲಲೂ ಬಲ್ಲುದು. ಆಗಸ್ಟ್ ಕೊನೆಯಿಂದ ಹಿಮ ಬೀಳುವವರೆಗೆ ಹೂವಿನ ಕಾಲ. ಆಗ ಸವರಿದರೆ ಆ ವರ್ಷ ಬೀಜವಿಲ್ಲ. ಕಳೆನಾಶಕ ಸಿಂಪಡಿಸಿದರೆ ಗೆಡ್ಡೆಗೂ ಉಳಿವಿಲ್ಲ. ರಸ್ತೆ ಅಗಲವಾದರೆ ನೆಲೆಯೇ ಹೋಯಿತು. 1991ರಲ್ಲಿ ಅಮೆರಿಕದ ಸರ್ಕಾರ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು.

ಬೇಲಿ ಕಟ್ಟಿ, ಯಾರೂ ಮುಟ್ಟದಂತೆ ಬಿಟ್ಟರೆ ಸಾಲದೇ ಎಂದು ತೋರಬಹುದು. ಸಾಲದು. ಮುಟ್ಟದ ನೆಲದಲ್ಲಿ ಕೆಲವೇ ವರ್ಷಗಳಲ್ಲಿ ಮರ ಎದ್ದು, ನೆರಳು ಕವಿದು, ಹೂವು ಅಡಗುತ್ತದೆ. ಆದುದರಿಂದಲೇ ಬಲ್ಲವರು ಬೀಜ ಉದುರುವತನಕ ಕತ್ತಿಯನ್ನು ತಡೆಯುತ್ತಾರೆ. ರಕ್ಷಿತ ತಾಣಗಳಲ್ಲಿ ಹದವರಿತು ತಾವೇ ಬೆಂಕಿಯಿಡುತ್ತಾರೆ. ಬೂದಿಯಾದ ಆ ನೆಲದಡಿಯಲ್ಲಿ ಗೆಡ್ಡೆ ತಣ್ಣಗೆ ಮಲಗಿ, ಬಿಸಿಲಿಗಾಗಿ ಕಾಯುತ್ತಿರುತ್ತದೆ.