ಕತಾರ್ ಪತ್ರ – 19: ಮುಖ ಸಾಕು, ಕಾಲು ತೋರಿಸಿ

ಹೋದ ಶುಕ್ರವಾರ ಹಾಕಿದ ಫೋಟೊ ನೆನಪುಂಟಲ್ಲ? ನಮ್ಮ ಫ್ರಿಜ್ಜಿನ ಬಾಗಿಲು. ಮೇಲೆ ಮೊಟ್ಟೆ, ಕೆಳಗೆ ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಬಾಟ್ಲಿ, ಅದರ ಪಕ್ಕದಲ್ಲಿ ನನ್ನ ಇನ್ಸುಲಿನ್ ಪೆನ್ನಿನ ಡಬ್ಬಿ. ಬರೆದದ್ದು ಒಂದೇ ಸಾಲು: "ನನಗೂ ಶುಗರ್ ಉಂಟು, ನಾಲ್ಕು ವರ್ಷ ಆಯ್ತು."

ಲೈಕ್ ಬಂದದ್ದಕ್ಕಿಂತ ಹೆಚ್ಚು ಅಮ್ಮನಿಗೆ ಫೋನ್ ಬಂತು. "ತಂಗಿಗೆ ಗಂಡು ನೋಡುವ ಹೊತ್ತಿನಲ್ಲಿ ಇದೆಲ್ಲ ಊರಿಗೆ ತೋರಿಸುವಂಥದ್ದಾ? ಅವಳಿಗೆ ಹೇಳಿ ಅದನ್ನು ತೆಗೆಸಿ." ಹೇಳಿದವರು ನಮ್ಮವರೇ, ಕೆಟ್ಟ ಮನಸ್ಸಿನಿಂದ ಹೇಳಿದ್ದೂ ಅಲ್ಲ. ತಂಗಿಯನ್ನೇ ಕೇಳಿದೆ. "ಅಕ್ಕ, ತೆಗಿಬೇಡ. ಫ್ರಿಜ್ ನೋಡಿ ಓಡಿಹೋಗುವ ಗಂಡು ಮೊದಲೇ ಓಡಿಹೋಗಲಿ" ಅಂದಳು. ಹಾಗಾಗಿ ಫೋಟೊ ಅಲ್ಲೇ ಉಂಟು. ಯಾಕೆ ತೆಗೆಯುವುದಿಲ್ಲ ಎಂದು ಇವತ್ತು ಬರೆಯುತ್ತೇನೆ. ಸ್ವಲ್ಪ ಉದ್ದ ಆಗ್ತದೆ, ಚಾ ಹಿಡ್ಕೊಂಡು ಕೂತ್ಕೊಳ್ಳಿ. ಸಕ್ಕರೆ ಕಮ್ಮಿ ಹಾಕಿ.

ಮೊದಲು ಅಪ್ಪನ ಕತೆ. ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಶುಗರ್ ಬಂದು ಒಂಬತ್ತು ವರ್ಷ. ಪ್ರತಿ ಶುಕ್ರವಾರ ವಿಡಿಯೊ ಕಾಲ್. ಜಗಲಿಯ ಕುರ್ಚಿಯಲ್ಲಿ ಕೂತು, ಫೋನನ್ನು ಮುಖಕ್ಕೆ ಹಿಡಿದು, "ಹುಷಾರುಂಟು ಮಗಾ" ಎನ್ನುತ್ತಿದ್ದರು. ಮುಖ ನೋಡಿದರೆ ಹುಷಾರೇ. ಆದರೆ ಚಪ್ಪಲಿಯ ಬಾರು ಉಜ್ಜಿ ಕಾಲ್ಬೆರಳಿನ ಸಂದಿಯಲ್ಲಿ ಗಾಯ ಆಗಿ ಎರಡು ತಿಂಗಳಾಗಿತ್ತು. ನರ ಮಂಕಾಗಿದ್ದರಿಂದ ನೋವೇ ಇಲ್ಲ. ಆ ಕಾಲಲ್ಲೇ ತೋಟಕ್ಕೆ ಹೋಗಿ ಅಡಿಕೆ ಹೆಕ್ಕಿದ್ದಾರೆ. ತಮ್ಮನಿಗೆ ಗೊತ್ತಾದದ್ದು ವಾಸನೆಯಿಂದ. ಬಲಗಾಲಿನ ಎರಡು ಬೆರಳು ಹೋಯಿತು.

ನಾನು ಇಲ್ಲಿ ವಾರಕ್ಕೆ ಐದು ದಿನ ಬೇರೆಯವರ ಪಾದ ನೋಡುತ್ತೇನೆ. ಬೆರಳು ಬೆರಳಿನ ಸಂದಿ ಬಿಡಿಸಿ, ಸಣ್ಣ ನೈಲಾನ್ ಎಳೆಯಿಂದ ಒತ್ತಿ, "ಗೊತ್ತಾಗ್ತದಾ?" ಎಂದು ಕೇಳುತ್ತೇನೆ. ನನ್ನ ಅಪ್ಪನ ಪಾದ ಮಾತ್ರ ನೋಡಲಿಲ್ಲ. ಕ್ಯಾಮೆರಾ ಇರಲಿಲ್ಲವಾ? ಇತ್ತು. ಪ್ರತಿ ವಾರ ಅವರ ಕೈಯಲ್ಲೇ ಇತ್ತು. "ಅಪ್ಪ, ಫೋನನ್ನು ಸ್ವಲ್ಪ ಕೆಳಗೆ ಮಾಡಿ" ಎಂದು ನಾನು ಹೇಳಲಿಲ್ಲ, ಅಷ್ಟೇ.

ಶುಗರ್ ಮುಖದಲ್ಲಿ ಕಾಣುವ ಕಾಯಿಲೆ ಅಲ್ಲ ಮಾರಾಯ್ರೆ. ನಾವು ಮಾತ್ರ ಮುಖದ ಫೋಟೊ ಬಿಟ್ಟು ಬೇರೆ ತೆಗೆಯುವುದಿಲ್ಲ. ಮದುವೆ, ಗೃಹಪ್ರವೇಶ, ಹೋಳಿಗೆ ಊಟ ಎಲ್ಲ ಸ್ಟೇಟಸ್ಸಿಗೆ ಬರ್ತದೆ. ಅದೇ ಊಟಕ್ಕೆ ಮೊದಲು ಬಚ್ಚಲಲ್ಲಿ ನಿಂತು, ಬಾಗಿಲು ಹಾಕಿ, ಹೊಟ್ಟೆಗೆ ಸೂಜಿ ಚುಚ್ಚಿಕೊಂಡವರು ಎಷ್ಟು ಜನ? ಆ ಫೋಟೊ ಎಲ್ಲೂ ಇಲ್ಲ.

ಇರುವ ಫೋಟೊಗಳು ಎರಡೇ ಜಾತಿ. ಒಂದು ಆಸ್ಪತ್ರೆ ಗೋಡೆಯದ್ದು: ಬಿಳಿ ಕೂದಲಿನ ದಂಪತಿ, ಕೈಯಲ್ಲಿ ಸೇಬು, ಹಲ್ಲು ಕಿರಿಯುವ ನಗು. ಇನ್ನೊಂದು ವಾಟ್ಸಾಪ್ ಫಾರ್ವರ್ಡ್: ಕಪ್ಪಾಗಿ ಕೊಳೆತ ಕಾಲು, ಕೆಳಗೆ "ಹಾಗಲಕಾಯಿ ರಸ ಕುಡಿಯಿರಿ, 21 ದಿನದಲ್ಲಿ ಮಾಯ". ಮೊದಲನೆಯದನ್ನು ನೋಡಿದರೆ ಇದೇನೂ ದೊಡ್ಡದಲ್ಲ ಅನಿಸ್ತದೆ, ಎರಡನೆಯದನ್ನು ನೋಡಿದರೆ ಎಲ್ಲ ಮುಗಿಯಿತು ಅನಿಸ್ತದೆ. ಮಧ್ಯದಲ್ಲಿ ಇರುವ ಬದುಕು, ಅಂದರೆ ದಿನಾ ಬೆಳಿಗ್ಗೆ ಏಳುವುದು, ತಿನ್ನುವುದು, ದುಡಿಯುವುದು, ಅದು ಎರಡರಲ್ಲೂ ಇಲ್ಲ. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಇಲ್ಲಿ ಕತಾರಿನಲ್ಲಿ 2012ರ ಸಮೀಕ್ಷೆಯಲ್ಲೇ ಇಲ್ಲಿಯ ವಯಸ್ಕ ನಾಗರಿಕರಲ್ಲಿ ಶೇ. 16.7 ಜನರಿಗೆ ಇತ್ತು. ಇಷ್ಟೊಂದು ಜನರ ದಿನಚರಿ ಕಣ್ಣಿಗೇ ಬೀಳುವುದಿಲ್ಲ ಅಂದರೆ, ಎಲ್ಲರೂ ಸೇರಿ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

ಈ ಕಾಯಿಲೆಗೂ ಫೋಟೊಗೂ ಹಳೆಯ ನಂಟುಂಟು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಆ ಕಾಲದ ಒಂದು ಜೋಡಿ ಫೋಟೊ ನಮ್ಮ ಪಾಠದಲ್ಲಿ ನೋಡಿದ್ದೆ. 1922ರ ಡಿಸೆಂಬರ್‌ನಲ್ಲಿ ತಾಯಿಯ ತೋಳಲ್ಲಿ ಎಲುಬಿನ ಗೂಡಿನಂಥ ಮಗು. 1923ರ ಫೆಬ್ರವರಿಯಲ್ಲಿ ಅದೇ ಮಗು, ಕೆನ್ನೆ ತುಂಬಿಕೊಂಡು. ಹೆಸರಿನ ಜಾಗದಲ್ಲಿ ಎರಡು ಅಕ್ಷರ ಮಾತ್ರ. ಇನ್ಸುಲಿನ್ ಏನು ಮಾಡ್ತದೆ ಎಂದು ಹೇಳಲು ಅದಕ್ಕಿಂತ ಹೆಚ್ಚು ಬೇಡ.

ಆದರೆ ಅದು ಬೇರೆಯವರು ರೋಗಿಯನ್ನು ನಿಲ್ಲಿಸಿ ತೆಗೆದ ಫೋಟೊ. 1990ರ ದಶಕದಲ್ಲಿ ಚೀನಾದ ಯುನಾನ್ ಪ್ರಾಂತ್ಯದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಎಂಬಿಬ್ಬರು ಹಳ್ಳಿ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟರು. ನಿಮ್ಮ ದಿನವನ್ನು ನೀವೇ ತೆಗೆಯಿರಿ, ಆಮೇಲೆ ಒಟ್ಟಿಗೆ ಕೂತು ಮಾತಾಡೋಣ, ಅಧಿಕಾರಿಗಳಿಗೂ ತೋರಿಸೋಣ ಎಂದು. ಅದಕ್ಕೆ ಫೋಟೊವಾಯ್ಸ್ ಎಂದು ಹೆಸರಾಯಿತು. ಈಗ ಮಧುಮೇಹಿಗಳ ಜೊತೆಯೂ ಹಲವು ದೇಶಗಳಲ್ಲಿ ಹೀಗೆ ಮಾಡುತ್ತಾರೆ. ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದರ ಮೇಲೆ ಕಾಣುವುದೇ ಬದಲಾಗ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಇಲ್ಲಿ ನಮ್ಮೂರ ಕಡೆಯ ಡ್ರೈವರ್ ಅಣ್ಣ ಒಬ್ಬರಿದ್ದಾರೆ. ನನ್ನ ಪೇಶೆಂಟ್ ಅಲ್ಲ, ಪರಿಚಯ. ಅವರೂ ಬರೆಯಲು ಒಪ್ಪಿದ್ದಾರೆ. ಒಂದು ದಿನ ಶುಗರ್ 60, ಮತ್ತೊಂದು ದಿನ 290. "ಪಥ್ಯ ಮಾಡ್ತೀರಾ?" ಅಂದರೆ "ಹೂಂ". "ಇನ್ಸುಲಿನ್ ಸರಿಯಾಗಿ ತಗೊಳ್ತೀರಾ?" "ಹೂಂ". ಎರಡೂ ಸುಳ್ಳಲ್ಲ. ಒಂದು ವಾರ ಫೋಟೊ ಕಳಿಸಿ ಅಂದೆ. ಬಂತು. ಬೆಳಿಗ್ಗೆ ಐದಕ್ಕೆ ಇಂಜೆಕ್ಷನ್. ಒಂಬತ್ತೂವರೆಗೆ ಗಾಡಿಯಲ್ಲಿ ಕೂತು ಖುಬೂಸ್. ಅಂದರೆ ಇನ್ಸುಲಿನ್ ಹೋಗಿ ನಾಲ್ಕೂವರೆ ಗಂಟೆ ಆದ ಮೇಲೆ ಊಟ, ಅದೂ ಸ್ಟೇರಿಂಗ್ ಹಿಡಿದು. ಆಮೇಲೆ ದಿನಕ್ಕೆ ನಾಲ್ಕು ಕರಕ್ ಚಾ, ಒಂದೊಂದರಲ್ಲೂ ಸಕ್ಕರೆ. ಕೊನೆಯ ಫೋಟೊ ನೋಡಿ ನಾನು ಕಿರುಚಿದೆ: ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇನ್ಸುಲಿನ್ ಪೆನ್. ಬಳಕೆಯಲ್ಲಿರುವ ಪೆನ್ 30 ಡಿಗ್ರಿ ದಾಟಬಾರದು. ಇಲ್ಲಿಯ ಬೇಸಿಗೆಯಲ್ಲಿ ನಿಲ್ಲಿಸಿದ ಗಾಡಿಯೊಳಗೆ ಅದು ಬೇಯುತ್ತದೆ, ಕೆಲಸಕ್ಕೇ ಬರುವುದಿಲ್ಲ. ಅವರು ಆ ಫೋಟೊಗಳನ್ನೇ ಡಾಕ್ಟರಿಗೆ ತೋರಿಸಿದರು. ಡಾಕ್ಟರ್ ಹೊತ್ತು ಬದಲಾಯಿಸಿದರು, ಪೆನ್ ರೂಮಿನ ಫ್ರಿಜ್ಜಿಗೆ ಹೋಯಿತು. ಇದನ್ನೆಲ್ಲ "ಹೂಂ" ಎನ್ನುವ ಉತ್ತರದಲ್ಲಿ ಹೇಗೆ ಹುಡುಕುವುದು?

"ಫೋಟೊದಿಂದ ಶುಗರ್ ಇಳೀತದಾ?" ಎಂದು ಕೇಳುವವರು ಕೇಳ್ತಾರೆ. ಇಳಿಯುವುದಿಲ್ಲ. ಮಾತ್ರೆ, ಇನ್ಸುಲಿನ್, ನಡಿಗೆ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಅದೆಲ್ಲ ಬೇಕೇ ಬೇಕು. ಆದರೆ ಬರೀ ನಂಬರ್ ಕೂಡ ಸಾಲದು. ನನ್ನ ಇಲ್ಲಿಯ ಮೀಟರಿನಲ್ಲಿ 8 ಅಂದರೆ ಊರಿನ ಮೀಟರಿನಲ್ಲಿ 144. "8 ಬಂತು" ಅಂದಾಗ ಅಮ್ಮ ಗಾಬರಿಯಿಂದ ಬೆಲ್ಲ ತಿನ್ನು ಎಂದಿದ್ದರು.

ಫೋಟೊ ಸುಳ್ಳು ಹೇಳುವುದಿಲ್ಲವಾ? ಹೇಳ್ತದೆ. ನಾನೂ ಒಳ್ಳೆ ನಂಬರ್ ಬಂದ ದಿನ ಮಾತ್ರ ಮೀಟರ್ ಫೋಟೊ ತೆಗೆಯುತ್ತಿದ್ದೆ. ಕೆಟ್ಟ ದಿನದ್ದನ್ನೂ ತೆಗೆಯಲು ಶುರುಮಾಡಿದ ಮೇಲೆ ಗೊತ್ತಾಯಿತು, ನೈಟ್ ಡ್ಯೂಟಿ ಮುಗಿಸಿ ಬಂದ ದಿನಗಳೇ ಕೆಟ್ಟವು. ಎರಡನೇ ಬಸುರಿನಲ್ಲಿ ಶುಗರ್ ಬಂದು ಹೋದಾಗಲೇ ಮುಂದೆ ಬರಬಹುದು ಎಂದು ನನಗೆ ಗೊತ್ತಿತ್ತು. ನರ್ಸ್ ಅಲ್ವಾ! ಆದರೂ ಬಂದಾಗ ಒಂದು ವರ್ಷ ಯಾರಿಗೂ ಹೇಳಲಿಲ್ಲ. ನಾಚಿಕೆ ಎಂಬುದು ಓದಿದವರನ್ನೂ ಬಿಡುವುದಿಲ್ಲ.

ಗುಟ್ಟಿನ ಮಾತು ಮಾತ್ರ ನಾನೂ ಒಪ್ಪುತ್ತೇನೆ. ಬೇರೆಯವರ ಕಾಯಿಲೆ ತೋರಿಸುವ ಹಕ್ಕು ಯಾರಿಗೂ ಇಲ್ಲ. ಪೇಶೆಂಟ್‌ಗಳ ಫೋಟೊ ನಾನು ಯಾವತ್ತೂ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಊರಿನಲ್ಲಿ ಅಜ್ಜಿಯ ಗಾಯವನ್ನು ಗ್ರೂಪಿಗೆ ಹಾಕಿ "ಪ್ರಾರ್ಥಿಸಿ" ಎನ್ನುವ ಮೊಮ್ಮಕ್ಕಳೇ, ಅದು ತಪ್ಪು. ನಾನು ಹೇಳುತ್ತಿರುವುದು ಅವರವರ ಬದುಕನ್ನು ಅವರವರೇ, ಬೇಕಾದವರಿಗೆ ಮಾತ್ರ ತೋರಿಸುವ ಬಗ್ಗೆ.

ಹಾಗಾಗಿ ಒಂದು ಕೆಲಸ ಮಾಡಿ. ಮನೆಯಲ್ಲಿ ಶುಗರ್ ಇದ್ದವರು ಒಂದು ವಾರ ಇವಿಷ್ಟರ ಫೋಟೊ ತೆಗೆಯಿರಿ: ಊಟದ ತಟ್ಟೆ, ಬಡಿಸಿದ ಮೇಲೆ, ತಿನ್ನುವ ಮೊದಲು. ಮಾತ್ರೆ ಡಬ್ಬಿ. ಇನ್ಸುಲಿನ್ ಇಡುವ ಜಾಗ, ಫ್ರಿಜ್ಜಾದರೂ ಸರಿ, ನೀರಿನ ಮಡಕೆಯ ಪಕ್ಕವಾದರೂ ಸರಿ. ಹಾಕುವ ಚಪ್ಪಲಿ. ಎರಡೂ ಅಂಗಾಲು, ಬೆರಳ ಸಂದಿ. ಫೇಸ್‌ಬುಕ್ಕಿಗೆ ಹಾಕುವುದು ಬೇಡ. ಮಗನಿಗೋ, ಸೊಸೆಗೋ, ನಿಮ್ಮ ಡಾಕ್ಟರಿಗೋ ತೋರಿಸಿ. ಗಾಯ, ಬಣ್ಣ ಬದಲಾದದ್ದು, ಬಾವು ಕಂಡರೆ ಫೋಟೊ ಕಳಿಸಿ ಕಾಯಬೇಡಿ, ಆ ದಿನವೇ ಆಸ್ಪತ್ರೆಗೆ ಹೋಗಿ.

ಗಲ್ಫಿನಲ್ಲಿರುವ ಮಕ್ಕಳೇ, ನಿಮಗೂ ಒಂದು ಮಾತು. ದುಡ್ಡು ಕಳಿಸುತ್ತೇವೆ, ಪ್ರತಿ ವಾರ ಕಾಲ್ ಮಾಡುತ್ತೇವೆ, ಸರಿ. ಈ ಶುಕ್ರವಾರ "ಹುಷಾರುಂಟಾ?" ಎಂದು ಕೇಳಿ ಇಡಬೇಡಿ. "ಕಾಲು ತೋರಿಸಿ" ಎನ್ನಿ. ಬೈತಾರೆ. ನನ್ನ ಅಪ್ಪನೂ ಬೈದರು. ಈಗ ಫೋನ್ ಎತ್ತಿದ ಕೂಡಲೇ ಅವರೇ ಕ್ಯಾಮೆರಾ ಕೆಳಗೆ ಮಾಡುತ್ತಾರೆ. ಎಂಟು ಬೆರಳು ಎಣಿಸಿದ ಮೇಲೆಯೇ ನಮ್ಮ ಮಾತು ಶುರು.