ಫಲಕ ಬಿಚ್ಚಿದರೆ ಓನಾ ಮರಳಿ ಬರುವಳೇ?

ಅಮೆರಿಕದ ಪೌರತ್ವ ಪರೀಕ್ಷೆಗೆ ನಾನು ಉರುಹೊಡೆದ ನೂರು ಪ್ರಶ್ನೆಗಳಲ್ಲಿ ಇದೂ ಒಂದು: ಯಾವ ಜನರನ್ನು ಈ ನೆಲಕ್ಕೆ ತಂದು ಗುಲಾಮರಾಗಿ ಮಾರಲಾಯಿತು? ಆಫ್ರಿಕದವರನ್ನು ಎಂದರೆ ಉತ್ತರ ಸರಿ. ಹೊಸದಾಗಿ ಸೇರುವವನ ಬಾಯಲ್ಲಿ ಸರ್ಕಾರವೇ ಹೇಳಿಸುವ ಈ ಮಾತು ಫಿಲಡೆಲ್ಫಿಯಾದ ಗೋಡೆಯ ಮೇಲಿದ್ದರೆ ಮಾತ್ರ ದೇಶಕ್ಕೆ ಅವಮಾನವಂತೆ!

ಹಿಂದಿನ ಅಮೆರಿಕನ್ನರನ್ನು ಹಳಿಯುವ ಬರಹ ಸರ್ಕಾರಿ ಸ್ಮಾರಕಗಳಲ್ಲಿ ಇರಕೂಡದೆಂದು ಅಧ್ಯಕ್ಷ ಟ್ರಂಪ್ 2025ರ ಮಾರ್ಚಿನಲ್ಲಿ ಆದೇಶ ಹೊರಡಿಸಿದರು. 2026ರ ಜನವರಿಯಲ್ಲಿ, ಸ್ವಾತಂತ್ರ್ಯ ಘೋಷಣೆಯ 250ನೇ ವರ್ಷದ ಹೊಸ್ತಿಲಲ್ಲೇ, ಅಧ್ಯಕ್ಷನಾಗಿದ್ದಾಗ ಜಾರ್ಜ್ ವಾಷಿಂಗ್ಟನ್ ವಾಸವಿದ್ದ ಫಿಲಡೆಲ್ಫಿಯಾದ ಮನೆಯ ಜಾಗದಿಂದ ಗುಲಾಮಗಿರಿಯ ಫಲಕಗಳನ್ನು ಬಿಚ್ಚಿ ಒಯ್ದರು. ನಗರಾಡಳಿತ ಕೋರ್ಟಿಗೆ ಹೋಯಿತು, ಫೆಬ್ರವರಿಯಲ್ಲಿ ನ್ಯಾಯಾಧೀಶೆ ಮರಳಿ ಹಾಕಿ ಎಂದರು. ಆ ವ್ಯಾಜ್ಯ ವಕೀಲರಿಗಿರಲಿ.

ಫಲಕಗಳು ಹೇಳುತ್ತಿದ್ದುದೇನು? ಆ ಮನೆಯಲ್ಲಿ ಒಂಬತ್ತು ಮಂದಿ ಗುಲಾಮರಿದ್ದರು. ಪೆನ್ಸಿಲ್ವೇನಿಯಾದ 1780ರ ಕಾಯ್ದೆಯಂತೆ, ಹೊರರಾಜ್ಯದವನು ಕರೆತಂದ ಗುಲಾಮ ಅಲ್ಲಿ ಆರು ತಿಂಗಳು ಉಳಿದರೆ ಬಿಡುಗಡೆ ಪಡೆಯಬಹುದಿತ್ತು. ವಾಷಿಂಗ್ಟನ್ ಮಾಡಿದ್ದೇನೆಂದರೆ, ಆರು ತಿಂಗಳು ತುಂಬದಂತೆ ಅವರನ್ನು ಆಗಾಗ ರಾಜ್ಯದ ಗಡಿ ದಾಟಿಸಿ ಕರೆಸಿಕೊಂಡದ್ದು. ಹೊರಗೆ ಗೊತ್ತಾಗಬಾರದೆಂದು ಕಾರ್ಯದರ್ಶಿಗೆ ಪತ್ರವನ್ನೂ ಬರೆದ. ‘ಆ ಕಾಲವೇ ಹಾಗಿತ್ತು’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಆ ಕಾಯ್ದೆಯೂ ಆ ಕಾಲದ್ದೇ. ತಪ್ಪೆಂದು ಗೊತ್ತಿಲ್ಲದವನು ಗುಟ್ಟು ಮಾಡುವುದಿಲ್ಲ.

1796ರ ಮೇ ತಿಂಗಳಲ್ಲೊಂದು ದಿನ ಮನೆಯವರು ಊಟಕ್ಕೆ ಕೂತಿದ್ದಾಗ ಆ ಒಂಬತ್ತು ಮಂದಿಯಲ್ಲೊಬ್ಬಳಾದ ಓನಾ ಜಡ್ಜ್ ಎದ್ದು ಹೊರಟುಬಿಟ್ಟಳು. ವಯಸ್ಸು ಇಪ್ಪತ್ತರ ಆಸುಪಾಸು. ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಇನಾಮೆಂದು ಪತ್ರಿಕೆಯಲ್ಲಿ ಜಾಹೀರಾತು ಬಂತು. ಅವಳು ನ್ಯೂ ಹ್ಯಾಂಪ್‌ಶೈರ್ ಸೇರಿದಳೆಂದು ತಿಳಿದ ಮೇಲೂ ಅಧ್ಯಕ್ಷ ಬಿಡಲಿಲ್ಲ, ಅಲ್ಲಿನ ಸುಂಕದ ಅಧಿಕಾರಿಯ ಕೈಯಲ್ಲಿ ಪ್ರಯತ್ನ ಮಾಡಿಸಿದ. ಅವಳು ಬಗ್ಗಲಿಲ್ಲ. 1848ರಲ್ಲಿ ಸಾಯುವಾಗಲೂ ಕಾನೂನಿನ ಕಣ್ಣಿಗೆ ಅವಳು ತಪ್ಪಿಸಿಕೊಂಡ ಆಸ್ತಿಯೇ. ಎಲ್ಲರೂ ಸಮಾನರೆಂದು ಸಾರಿದ ಆ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಜೆಫರ್ಸನ್ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಆ ಘೋಷಣೆಯ ಮಾತಿನಂತೆ ನಡೆದವಳು ಮನೆ ದಾಟಿ ಓಡಿದ ಈ ಹುಡುಗಿ. ದೇಶಭಕ್ತರ ಪಟ್ಟಿ ಮಾಡುವುದಾದರೆ ನಾನು ಮೊದಲು ಬರೆಯುವುದು ಇವಳ ಹೆಸರನ್ನು.

ಇಲ್ಲಿನ ನಮ್ಮ ಕನ್ನಡದವರ ಕೂಟಗಳಲ್ಲಿ ಈ ಮಾತೆತ್ತಿದರೆ, ‘ಹಬ್ಬದ ದಿನ ಹಳೇ ಗಾಯ ಯಾಕೆ ಕೆರೀಬೇಕು ಸಾರ್, ನಮಗೂ ಅದಕ್ಕೂ ಏನು ಸಂಬಂಧ?’ ಎನ್ನುತ್ತಾರೆ. ಸಂಬಂಧ ಇದೆ. ಅಮೆರಿಕದ ಸೈನ್ಯದಲ್ಲಿ ದುಡಿದ ಭಗತ್ ಸಿಂಗ್ ಥಿಂಡ್‌ಗೆ 1923ರಲ್ಲಿ ಸುಪ್ರೀಂ ಕೋರ್ಟ್ ‘ನೀನು ಬಿಳಿಯನಲ್ಲ’ ಎಂದು ಪೌರತ್ವ ನಿರಾಕರಿಸಿತು. 1946ರಲ್ಲಿ ವಲಸೆಯಲ್ಲಿ ಭಾರತಕ್ಕೆ ಸಿಕ್ಕ ಪಾಲು ವರ್ಷಕ್ಕೆ ನೂರು ಜನ. ನಾವೆಲ್ಲ ಡಿಗ್ರಿ ಹಿಡಿದು ವಿಮಾನ ಹತ್ತುವಂತಾದದ್ದು 1965ರ ವಲಸೆ ಕಾಯ್ದೆಯಿಂದ. ಅದರ ಹಿಂದಿನ ವರ್ಷವಷ್ಟೇ ನಾಗರಿಕ ಹಕ್ಕುಗಳ ಕಾಯ್ದೆ ಬಂದಿತ್ತು. ಅದಕ್ಕಾಗಿ ಕಪ್ಪು ಜನ ದಕ್ಷಿಣದ ಬೀದಿಗಳಲ್ಲಿ ಲಾಠಿ ಏಟು ತಿನ್ನುತ್ತಿದ್ದಾಗ ನಮ್ಮವರು ಇಲ್ಲಿ ಬೆರಳೆಣಿಕೆಯಷ್ಟಿದ್ದರು. ಬಾಗಿಲಿಗೆ ಭುಜ ಕೊಟ್ಟವರು ಅವರು, ಒಳಗೆ ಬಂದು ಕೂತವರು ನಾವು.

ಜುಲೈ 4ರ ಪಟಾಕಿ ನಾನೂ ನೋಡುತ್ತೇನೆ, ಚೆಂದವಾಗಿರುತ್ತದೆ. ಅದಕ್ಕೆ ಮೊದಲು ಮಗಳನ್ನು ಆ ಮನೆಯಿದ್ದ ಮಾರ್ಕೆಟ್ ಸ್ಟ್ರೀಟ್‌ನ ಮೂಲೆಗೆ ಕರೆದೊಯ್ಯುವುದಿದೆ. ಫಲಕಗಳಿದ್ದರೆ ಓದುತ್ತೇವೆ. ಇಲ್ಲವಾದರೆ ಆ ಒಂಬತ್ತು ಹೆಸರು ಬಾಯಿಪಾಠವಿದೆ: ಆಸ್ಟಿನ್, ಪ್ಯಾರಿಸ್, ಹರ್ಕ್ಯುಲಿಸ್, ರಿಚ್ಮಂಡ್, ಕ್ರಿಸ್ಟೊಫರ್ ಶೀಲ್ಸ್, ಜೈಲ್ಸ್, ಮಾಲ್, ಜೋ, ಓನಾ.